ಗಡ್ಡೆ ತಡೆಯಲು ದಿನಕ್ಕೆ 27 ಲೀಟರ್ ಅರಿಶಿನ ಹಾಲು

ಹಾಲಿನವನು ಬರುವ ಮೊದಲೇ ವಾಟ್ಸಾಪ್‌ನಲ್ಲಿ ವೈದ್ಯವಿಜ್ಞಾನ ಬಂದಿರುತ್ತದೆ: "ರಾತ್ರಿ ಒಂದು ಲೋಟ ಅರಿಶಿನ ಹಾಲು ಕುಡಿಯಿರಿ, ಕರುಳಿನ ಗಡ್ಡೆ ಹತ್ತಿರವೂ ಸುಳಿಯಲ್ಲ. ಹತ್ತು ಜನಕ್ಕೆ ಕಳಿಸಿ." ಆಗಲಿ, ಕುಡಿಯೋಣ. ಲೆಕ್ಕ ಮಾತ್ರ ಸರಿಯಾಗಿ ಹಾಕೋಣ.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ, ಈ ಹೊಗಳಿಕೆಯೆಲ್ಲ ಸಲ್ಲುವ ಅಂಶ ಕರ್ಕ್ಯುಮಿನ್. ಪುಡಿಯಲ್ಲಿ ಅದು ಇರುವುದು ಹೆಚ್ಚುಕಮ್ಮಿ ನೂರಕ್ಕೆ ಮೂರು ಪಾಲು. ಕಾಲು ಚಮಚ, ಅಂದರೆ ಮುಕ್ಕಾಲು ಗ್ರಾಂ ಪುಡಿ ಹಾಕಿದರೆ ಲೋಟದಲ್ಲಿ 22 ಮಿಲಿಗ್ರಾಂ. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ದಿನಕ್ಕೆ 4 ಗ್ರಾಂ ಕರ್ಕ್ಯುಮಿನ್ ತಿಂಗಳಿಡೀ ನುಂಗಿದ ಧೂಮಪಾನಿಗಳ ದೊಡ್ಡ ಕರುಳಿನಲ್ಲಿ ವಿಕಾರಗೊಂಡ ಗ್ರಂಥಿಗಳು ಶೇ. 40ರಷ್ಟು ಇಳಿದವು. (ಅವು ಗಡ್ಡೆಗಳಲ್ಲ, ಮುಂದೆ ಆಗಬಹುದೇನೋ ಎಂಬ ಗುಮಾನಿಯವು.) 2 ಗ್ರಾಂ ನುಂಗಿದವರಲ್ಲಿ ಇಳಿಯಲಿಲ್ಲ. 4 ಗ್ರಾಂ ಬೇಕೆಂದರೆ 180 ಲೋಟ. ಸಣ್ಣ ಲೋಟವೇ ಆದರೂ 27 ಲೀಟರ್. ಹಿತ್ತಲಲ್ಲಿ ಎರಡು ಸೀಮೆಹಸು ಕಟ್ಟಿಕೊಳ್ಳಿ. ಹಾಲು ಒಗ್ಗದವರು ದಿನಾ 130 ಗ್ರಾಂ ಪುಡಿಯನ್ನೇ ಮುಕ್ಕಬಹುದು.

"ಕಾಳುಮೆಣಸು ಹಾಕಿ ಸ್ವಾಮಿ, ಇಪ್ಪತ್ತು ಪಟ್ಟು ಹೀರುತ್ತೆ!" ಎನ್ನುವ ಜಾಣರಿದ್ದಾರೆ. ಅಂಕಿ ಸುಳ್ಳಲ್ಲ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನದೇ, 1998ರದು. 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಹೀರಿಕೆ ಶೇ. 2000 ಏರಿತು. ಯಾವುದಕ್ಕಿಂತ? ಬರೀ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಸಿಕ್ಕೂ ಸಿಗದಂತಿದ್ದ ಚೂರಿಗಿಂತ. ಸೊನ್ನೆಯ ಪಕ್ಕದ ಮನೆಯನ್ನು ಇಪ್ಪತ್ತರಿಂದ ಗುಣಿಸಿದರೂ ಬೀದಿ ಬದಲಾಗುವುದಿಲ್ಲ.

ಅದಿರಲಿ, ನಿಮಗೆ ಬೇಕಾದದ್ದು ಕರುಳಿಗೆ ತಾನೆ? ರಕ್ತಕ್ಕೆ ಸೇರದೆ ಉಳಿದದ್ದೇ ದೊಡ್ಡ ಕರುಳಿನ ಗೋಡೆ ಸವರಿಕೊಂಡು ಹೋಗುವುದು. ಕರುಳಿನ ಮನೆಗೆ ಹೊರಟ ನೆಂಟನನ್ನು ಮೆಣಸು ಅರ್ಧ ದಾರಿಯಲ್ಲೇ ಇಳಿಸಿಕೊಳ್ಳುತ್ತದೆ. ಸಾಲದ್ದಕ್ಕೆ ಪೈಪರಿನ್ ಫಿಟ್ಸ್ ಮಾತ್ರೆ ಫೆನಿಟಾಯಿನ್‌ನ ಮಟ್ಟವನ್ನೂ ರಕ್ತದಲ್ಲಿ ಏರಿಸುತ್ತದೆ. ಸಾರಿಗೆ ಹಾಕುವ ನಾಲ್ಕು ಕಾಳಿನ ಮಾತಲ್ಲ, ಮಾತ್ರೆಯಲ್ಲಿ ಗಟ್ಟಿ ಮಾಡಿ ಮಾರುವುದರ ಮಾತು.

ಕರುಳಿನ ತುಂಬ ಪಾಲಿಪ್ (ಒಳಗೋಡೆಯ ಮೇಲಿನ ಸಣ್ಣ ಗಂಟು, ಕೆಲವು ಮುಂದೆ ಗಡ್ಡೆಯಾಗಬಲ್ಲವು) ಏಳುವ ವಂಶವಾಹಿ ಕಾಯಿಲೆಯವರಲ್ಲೂ ಪರೀಕ್ಷಿಸಿದ್ದಾಯಿತು. 2006ರಲ್ಲಿ ಐದೇ ಐದು ಜನರಿಗೆ ಕರ್ಕ್ಯುಮಿನ್‌ಗೆ ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಬೆರೆಸಿ ಕೊಟ್ಟಾಗ ಪಾಲಿಪ್‌ಗಳು ಶೇ. 60 ಕಡಿಮೆಯಾದವು, ಹೋಲಿಸಿ ನೋಡಲು ಹುಸಿಮಾತ್ರೆಯ ಗುಂಪೇ ಇರಲಿಲ್ಲ. 2018ರಲ್ಲಿ 44 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟು ವರ್ಷ ಕಾದರು. ಪಾಲಿಪ್‌ಗಳ ಲೆಕ್ಕದಲ್ಲೂ ಗಾತ್ರದಲ್ಲೂ ವ್ಯತ್ಯಾಸ ಕಾಣಲಿಲ್ಲ. ಫಾರ್ವರ್ಡ್ ಮಾಡುವವರ ಕ್ಯಾಲೆಂಡರ್ 2006ಕ್ಕೇ ನಿಂತಿದೆ.

ಗಡ್ಡೆ ತಡೆಯಲೇಬೇಕೆಂದರೆ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹಿಡಿಯುವ ಪರೀಕ್ಷೆ ಒಂದಿದೆ. ರಕ್ತ ಕಂಡರೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವುದು. ಪಾಲಿಪ್ ಸಿಕ್ಕರೆ ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಆದರೆ ಮಲದ ಡಬ್ಬಿಯ ಪಕ್ಕ ಗುಲಾಬಿ ಹೂವಿಟ್ಟು "ಶುಭೋದಯ" ಎಂದು ಕಳಿಸುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.