ಚೋಕ್ ಹಾಕಿದ್ದೀರಾ?

ಮೆಷಿನ್ನಿನ ಹಗ್ಗ ಎಳೆಯುತ್ತಾ ನಿಂತವನನ್ನು ಸುಮ್ಮನೆ ದಾಟಿ ಹೋಗುವ ಗಂಡಸು ಇನ್ನೂ ಹುಟ್ಟಿಲ್ಲ. ಪಂಕ್ಚರ್ ಆದ ಗಾಡಿ ತಳ್ಳುವವನನ್ನು ಕಂಡರೆ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ತಲೆ ಮೇಲೆ ಮೂಟೆ ಹೊತ್ತವನನ್ನು ಕಂಡರೂ ಅಷ್ಟೆ. ಆದರೆ ಹುಲ್ಲು ಕತ್ತರಿಸುವ ಪೆಟ್ರೋಲ್ ಮೆಷಿನ್ ಸ್ಟಾರ್ಟ್ ಆಗದೆ ಒಬ್ಬ ಬೆವರುತ್ತಿದ್ದಾನೆ ಅಂದರೆ ಸಾಕು, ಎಲ್ಲಿದ್ದರೋ ಬರುತ್ತಾರೆ. ಬೇಲಿಯ ಆಚೆ ಕೈಕಟ್ಟಿ ನಿಲ್ಲುತ್ತಾರೆ. ಎರಡು ಎಳೆತ ನೋಡುತ್ತಾರೆ. ಆಮೇಲೆ ಕೇಳುತ್ತಾರೆ, "ಚೋಕ್ ಹಾಕಿದ್ದೀರಾ?"

ಹಾಕಿದ್ದೇನೆ ಸ್ವಾಮಿ. ಎಂಜಿನ್ ತಣ್ಣಗಿರುವಾಗ ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಕೊಡುವ ಚೋಕ್ ಹಾಕದೆ ಹಗ್ಗ ಎಳೆಯುವಷ್ಟು ದಡ್ಡನ ಥರ ಕಾಣುತ್ತೇನಾ? ಹಾಗೆಲ್ಲ ಹೇಳುವುದಕ್ಕಾಗುವುದಿಲ್ಲ. "ಹೂಂ, ಹಾಕಿದ್ದೇನೆ" ಅಂತ ನಗಬೇಕು. ಅಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಇವರು ಪ್ಲಗ್ ಪಂಗಡದವರು. ಜಗತ್ತಿನ ಎಲ್ಲ ಕಾಯಿಲೆಗೂ ಪ್ಲಗ್ಗೇ ಕಾರಣ ಅನ್ನುವವರು. ಮೂರನೆಯವರು ಮಾತ್ರ ಬಹಳ ಅಪಾಯ. ಅವರು ಮೆಲ್ಲಗೆ, "ಸ್ವಲ್ಪ ಹೊತ್ತು ಬಿಟ್ಟು ನೋಡಿ, ಪೆಟ್ರೋಲ್ ಜಾಸ್ತಿ ಹೋಗಿದೆ" ಅನ್ನುತ್ತಾರೆ. ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ಯಾಕೆಂದರೆ ಇವರು ಹೇಳಿದ್ದು ಬಹಳ ಸಲ ಸರಿ ಇರುತ್ತದೆ. ಚೋಕ್ ಹಾಕಿಕೊಂಡು ಎಳೆಯುತ್ತಲೇ ಇದ್ದರೆ ಪ್ಲಗ್ ಪೆಟ್ರೋಲಿನಲ್ಲಿ ತೊಯ್ದು ಕಿಡಿ ಹಾರುವುದಿಲ್ಲ. ಪ್ಲಗ್ ಬಿಚ್ಚಿ ಒರೆಸಬೇಕು, ಒಳಗೆ ನಿಂತ ಪೆಟ್ರೋಲ್ ಆರುವವರೆಗೆ ಕಾಯಬೇಕು. ಕಾಯುವಾಗ ಅವರ ಜೊತೆ ಮಾತಾಡಬೇಕು.

ಮೊನ್ನೆ ಭಾನುವಾರ ಈ ಮೂವರ ಸಲಹೆಯೂ ಸುಳ್ಳಾಯಿತು. ಚೋಕ್ ಸರಿ ಇತ್ತು, ಪ್ಲಗ್ ಸರಿ ಇತ್ತು, ಪೆಟ್ರೋಲ್ ಜಾಸ್ತಿ ಹೋಗುವುದಿರಲಿ, ಹೋಗುತ್ತಲೇ ಇರಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿದೆ. ತಳದ ಬಟ್ಟಲಿನಲ್ಲಿ ಹಳದಿ ಅಂಟು. ಪೆಟ್ರೋಲ್ ಚಿಮ್ಮುವ ಜೆಟ್ಟಿನ ಸಣ್ಣ ತೂತು ಪೂರ್ತಿ ಮುಚ್ಚಿಹೋಗಿತ್ತು. ಏರ್ ಫಿಲ್ಟರ್ ತೆಗೆದರೆ ಅದು ಆಯಿಲಿನಲ್ಲಿ ನೆಂದು ಮುದ್ದೆಯಾಗಿತ್ತು. ಆಗ ನನಗೆ ಭಾವನ ನೆನಪಾಯಿತು.

ಭಾವ ಅಂದರೆ ಅಕ್ಕನ ಗಂಡ. ಒಳ್ಳೆಯವರು. ಕಳೆದ ವರ್ಷ ಹುಲ್ಲು ಬೆಳೆಯುವ ಕಾಲಪೂರ್ತಿ ಈ ಮೆಷಿನ್ ಅವರ ಮನೆಯಲ್ಲೇ ಇತ್ತು. ವಾಪಸ್ ತಂದುಕೊಟ್ಟಾಗ, "ಟ್ಯಾಂಕ್ ಫುಲ್ ಮಾಡಿಯೇ ತಂದಿದೀನಿ ಕಣೋ, ನಿಂಗೆ ಆ ಖರ್ಚು ಬೇಡ ಅಂತ" ಎಂದು ಫೋನಿನಲ್ಲಿ ಹೇಳಿದರು. ನಾನು ಊರಿನಲ್ಲಿ ಇರಲಿಲ್ಲ. ಮನೆಯವರು ಥ್ಯಾಂಕ್ಸ್ ಹೇಳಿ ಒಳಗಿಟ್ಟಿದ್ದಾರೆ. ಪೆಟ್ರೋಲ್ ಏನು ಉಪ್ಪಿನಕಾಯಿಯಾ, ಇಟ್ಟಷ್ಟೂ ರುಚಿಯಾಗುವುದಕ್ಕೆ? ಹಗುರ ಅಂಶ ಆರಿಹೋಗಿ ಉಳಿದದ್ದು ಅಂಟಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಬೆರೆತಿರುತ್ತದೆ. ಅದು ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಪೆಟ್ರೋಲ್ ಕುಡಿಯುವುದು ತಳದಿಂದಲೇ. ಹಳೆಯ ಮೆಷಿನ್ನಿನ ರಬ್ಬರ್ ಪೈಪುಗಳಿಗೂ ಎಥನಾಲ್ ಆಗಿಬರುವುದಿಲ್ಲ. ಸಣ್ಣ ಎಂಜಿನ್ ಮಾಡುವವರಲ್ಲಿ ಹೆಚ್ಚಿನವರು ಶೇಕಡಾ 10ಕ್ಕಿಂತ ಜಾಸ್ತಿ ಎಥನಾಲ್ ಇರುವ ಪೆಟ್ರೋಲ್ ಹಾಕಬೇಡಿ ಅನ್ನುವುದು ಇದಕ್ಕೇ.

ಇನ್ನು ಏರ್ ಫಿಲ್ಟರ್. ಅಡಿಯ ಬ್ಲೇಡಿಗೆ ಸುತ್ತಿದ ಹುಲ್ಲು ತೆಗೆಯಲು ಮೆಷಿನ್ ಮಗುಚುವಾಗ ಏರ್ ಫಿಲ್ಟರ್ ಮೇಲ್ಮುಖವಾಗಿರಬೇಕು. ಇಲ್ಲದಿದ್ದರೆ ಆಯಿಲ್ ಅದಕ್ಕೇ ಇಳಿಯುತ್ತದೆ. ಇದನ್ನು ಕೊಡುವಾಗಲೇ ಹೇಳಿದ್ದೆ. ಪ್ಲಗ್ಗಿನ ವೈರ್ ತೆಗೆಯದೆ ಬ್ಲೇಡಿಗೆ ಕೈ ಹಾಕಬೇಡಿ ಅಂತಲೂ ಹೇಳಿದ್ದೆ. ಕೈಬೆರಳು ಎಲ್ಲವೂ ಇವೆ, ಹಾಗಾಗಿ ಒಂದು ಮಾತಾದರೂ ಕೇಳಿಸಿಕೊಂಡಿದ್ದಾರೆ.

ಈಗ ಭಾವ ಬ್ಯಾಟರಿ ಮೆಷಿನ್ ತೆಗೆದುಕೊಂಡಿದ್ದಾರೆ. ಹೊಸದಾಗಿ ಸಿಗರೇಟ್ ಬಿಟ್ಟವರ ಜೊತೆ ಮಾತಾಡುವುದು ಎಷ್ಟು ಕಷ್ಟ ಅಲ್ವಾ? "ಇನ್ನೂ ಆ ಹಗ್ಗ ಎಳೀತಾನೇ ಇದೀಯಾ? ಬಟನ್ ಒತ್ತು, ಮುಗೀತು. ಮೇಂಟೆನೆನ್ಸೇ ಇಲ್ಲ" ಅನ್ನುತ್ತಾರೆ. ಪೆಟ್ರೋಲ್ ಮೆಷಿನ್ ಅಂದರೆ ಬರೀ ತೊಂದರೆ ಅಂತೆ. ನನ್ನ ಮೆಷಿನ್ನಿನ ಮೇಲೆ ಒಂದು ಕಾಲಪೂರ್ತಿ ಸಂಶೋಧನೆ ಮಾಡಿದ ಮೇಲೆ ಅವರಿಗೆ ಈ ಜ್ಞಾನ ಬಂದಿದೆ.

ಅವರು ಹೇಳುವುದರಲ್ಲಿ ಸುಳ್ಳಿಲ್ಲ. ನನ್ನ ಶೆಡ್ಡಿನಲ್ಲಿ ಎರಡು ಕ್ಯಾನುಗಳಿವೆ. ಒಂದರಲ್ಲಿ ಬರೀ ಪೆಟ್ರೋಲ್, ಮೋವರ್‌ಗೆ, ಅಂದರೆ ಈ ಹುಲ್ಲಿನ ಮೆಷಿನ್ನಿಗೆ. ಇನ್ನೊಂದರಲ್ಲಿ ಆಯಿಲ್ ಬೆರೆಸಿದ್ದು, ಅಂಚು ಕತ್ತರಿಸುವ ಟೂ ಸ್ಟ್ರೋಕ್ ವೀಡ್ ಕಟರ್‌ಗೆ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ ಆಯಿಲ್. 25ಕ್ಕೆ 1 ಅಂದರೆ 40 ಮಿಲಿ. ಯಾವ ಮೆಷಿನ್ನಿಗೆ ಯಾವುದು ಅಂತ ಅದರ ಪುಸ್ತಕದಲ್ಲಿರುತ್ತದೆ. ಪುಸ್ತಕ ಎಲ್ಲಿರುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಬೆರೆಸಿದ್ದನ್ನು ಮೋವರ್‌ಗೆ ಹಾಕಿದರೆ ಹೊಗೆ ಬಂದು ಬೈಸಿಕೊಳ್ಳುತ್ತೇವೆ, ಅಷ್ಟೆ. ಬರೀ ಪೆಟ್ರೋಲನ್ನು ಟೂ ಸ್ಟ್ರೋಕಿಗೆ ಹಾಕಿದರೆ ಒಳಗೆ ಜಿಡ್ಡಿಲ್ಲದೆ ಪಿಸ್ಟನ್ ಹಿಡಿದುಕೊಂಡು, ಅಂದರೆ ಸೀಜ್ ಆಗಿ, ಕಥೆ ಮುಗಿಯುತ್ತದೆ. ಇಷ್ಟು ದೊಡ್ಡ ವಿಷಯವನ್ನು ಕ್ಯಾನಿನ ಮೇಲೆ ಅಂಟಿಸಿದ ಒಂದು ತುಂಡು ಟೇಪ್ ಕಾಯುತ್ತಿದೆ.

ಇದನ್ನೆಲ್ಲ ಭಾವನ ಮುಂದೆ ಒಪ್ಪಿಕೊಂಡೆ ಕೂಡ. ಅಲ್ಲಿಗೇ ನಿಲ್ಲಿಸಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು. "ನೋಡು, ಇದನ್ನ ಕಂಡುಹಿಡಿದ ಪುಣ್ಯಾತ್ಮ ಈಗ ಇದ್ದಿದ್ರೆ ಬ್ಯಾಟರೀದೇ ತಗೋತಿದ್ದ" ಅಂದುಬಿಟ್ಟರು. ನನಗೆ ಆ ಪುಣ್ಯಾತ್ಮನ ವಿಷಯ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳದೆ ಬಿಡುವುದು ನಮ್ಮ ವಂಶದಲ್ಲೇ ಇಲ್ಲ.

ಅವನ ಹೆಸರು ಎಡ್ವಿನ್ ಬಡ್ಡಿಂಗ್. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಸ್ಟ್ರೌಡ್ ಅನ್ನುವ ಊರಿನ ಕಡೆಯವನು. ಅದು ಉಣ್ಣೆ ಬಟ್ಟೆಯ ಗಿರಣಿಗಳ ಸೀಮೆ. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳನ್ನು ಸಮವಾಗಿ ಬೋಳಿಸಲು ಬ್ಲೇಡು ಸುತ್ತಿದ ಉರುಳೆಯ ಯಂತ್ರ ಅಲ್ಲಿತ್ತು. ಬಡ್ಡಿಂಗ್ ಅದನ್ನು ನೋಡಿದ. ಬಟ್ಟೆಗೆ ಮಾಡುವುದನ್ನು ಹುಲ್ಲಿಗೆ ಯಾಕೆ ಮಾಡಬಾರದು ಅಂದುಕೊಂಡ. 1830ರಲ್ಲಿ ಪೇಟೆಂಟ್ ಆಯಿತು. ಅದಕ್ಕೆ ಮುಂಚೆ ಹುಲ್ಲುಹಾಸು ಕತ್ತರಿಸುತ್ತಿದ್ದದ್ದು ಉದ್ದ ಹಿಡಿಯ ಕುಡುಗೋಲಿನಿಂದ. ಅದನ್ನು ಬೀಸುವುದೇ ಒಂದು ವಿದ್ಯೆ.

ಬಡ್ಡಿಂಗ್‌ನ ಮೊದಲ ಮೆಷಿನ್ 19 ಇಂಚು ಅಗಲ. ಎಲ್ಲವೂ ಕಬ್ಬಿಣ. ಹಿಂದಿನಿಂದ ಒಬ್ಬ ತಳ್ಳಬೇಕು. ಭಾರ ಅನ್ನಿಸಿದರೆ ಮುಂದೆ ಇನ್ನೊಬ್ಬ ಎಳೆಯಲು ಬೇರೆ ಹಿಡಿ ಇತ್ತು. ಅಕ್ಕಪಕ್ಕದವರಿಗೆ ಗೊತ್ತಾಗಬಾರದು ಅಂತ ಅವನು ಇದನ್ನು ರಾತ್ರಿ ಹೊತ್ತು ಪರೀಕ್ಷೆ ಮಾಡುತ್ತಿದ್ದ ಅಂತ ಒಂದು ಕಥೆ ಇದೆ. ನನಗೆ ಬಹಳ ಇಷ್ಟವಾದ ಕಥೆ. ಕತ್ತಲೆಯಲ್ಲಿ ಕಬ್ಬಿಣದ ಹಲ್ಲು ಕಬ್ಬಿಣಕ್ಕೆ ಕಚ್ಚಿ ತಿರುಗುವ ಮೆಷಿನ್ ತಳ್ಳಿದರೆ ಯಾರಿಗೂ ಗೊತ್ತಾಗುವುದಿಲ್ಲವಾ? ಕಾಣಿಸುವುದಿಲ್ಲ, ಸರಿ. ಕೇಳಿಸುವುದಿಲ್ಲವಾ? ಊರವರು ಹಾಸಿಗೆಯಲ್ಲಿ ಮಲಗಿ ಏನಂದುಕೊಂಡಿರಬೇಕು! ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲು ಗಿಡ್ಡವಾಗಿದೆ. ನನ್ನ ಲೆಕ್ಕದಲ್ಲಿ ಅವನು ರಾತ್ರಿ ಹೋದದ್ದು ಗುಟ್ಟು ಕಾಪಾಡುವುದಕ್ಕಲ್ಲ. ಹಗಲು ಹೋದರೆ ಬೇಲಿಯ ಆಚೆ ನಿಂತು ಸಲಹೆ ಕೊಡುತ್ತಾರಲ್ಲ, ಅದನ್ನು ತಪ್ಪಿಸಿಕೊಳ್ಳುವುದಕ್ಕೆ. ಆಗ ಚೋಕ್ ಇರಲಿಲ್ಲ ನಿಜ. ಆದರೆ ಕೇಳುವವರಿಗೆ ಚೋಕೇ ಬೇಕಾ?

ಇನ್ನೊಂದು ವಿಷಯ. ತನ್ನ ಮೆಷಿನ್ನಿನ ಬಗ್ಗೆ ಬರೆಯುವಾಗ ಬಡ್ಡಿಂಗ್ ಒಂದು ಮಾತು ಸೇರಿಸಿದ್ದ. ಹಳ್ಳಿಗಾಡಿನ ದೊಡ್ಡ ಮನುಷ್ಯರು ಇದನ್ನು ತಾವೇ ತಳ್ಳಿದರೆ ಮನಸ್ಸಿಗೆ ಖುಷಿ, ಉಪಯೋಗ, ಮೈಗೂ ಒಳ್ಳೆಯ ವ್ಯಾಯಾಮ ಅನ್ನುವ ಅರ್ಥದ್ದು. ಎಂಥ ಮಾರಾಟಗಾರ ನೋಡಿ! ಅಲ್ಲಿಯವರೆಗೆ ಕೂಲಿ ಕೊಟ್ಟು ಮಾಡಿಸುತ್ತಿದ್ದ ಕೆಲಸವನ್ನು, ದುಡ್ಡು ಕೊಟ್ಟು ಕಬ್ಬಿಣ ಕೊಂಡು, ಯಜಮಾನರೇ ಬೆವರು ಸುರಿಸಿ ಮಾಡಬಹುದು ಅಂತ ಒಪ್ಪಿಸಿಬಿಟ್ಟ. ಭಾನುವಾರ ಬೆಳಿಗ್ಗೆ ನಾನು ಬಿಸಿಲಿನಲ್ಲಿ ನಿಂತಿರುವುದಕ್ಕೆ ಮೂಲಪುರುಷ ಇವನೇ.

ಮೆಷಿನ್ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯಕ್ಕೂ ಹೋಯಿತು. ಆಮೇಲೆ ಬೇರೆಯವರ ಕೈಗೆ ಹೋಗಿ ಬೆಳೆಯಿತು. 1893ರಲ್ಲಿ ಜೇಮ್ಸ್ ಸಮ್ನರ್ ಎಂಬುವನು ಉಗಿಯ ಮೋವರ್ ಮಾಡಿದ. ಮುಂದೆ ಅವನ ಕಂಪನಿಯೇ ಲಾರಿ, ಬಸ್ಸುಗಳ ಲೇಲ್ಯಾಂಡ್ ಆಯಿತು. 1902ಕ್ಕೆ ಪೆಟ್ರೋಲಿನದು ಮಾರುಕಟ್ಟೆಗೆ ಬಂತು. ಇದೆಲ್ಲ ಇರಲಿ. ನಾನು ಭಾವನಿಗೆ ಹೇಳಬೇಕೆಂದಿದ್ದದ್ದು ಬೇರೆ. ತಿರುಗಿಸಿ ಹಿಗ್ಗಿಸುವ, ಕುಗ್ಗಿಸುವ ಅಡ್ಜಸ್ಟಬಲ್ ಸ್ಪ್ಯಾನರ್ ಇದೆಯಲ್ಲ, ಅದನ್ನೂ ಇದೇ ಬಡ್ಡಿಂಗ್ ಲೆಕ್ಕಕ್ಕೆ ಹಾಕುತ್ತಾರೆ. ಮೊದಲು ಹುಲ್ಲಿನ ಮೆಷಿನ್, ಆಮೇಲೆ ಸ್ಪ್ಯಾನರ್. ಈ ಕ್ರಮ ಗಮನಿಸಿ. ಮೇಂಟೆನೆನ್ಸ್ ಅಂದರೇನು ಅಂತ ಅವನಿಗೆ ಗೊತ್ತಿತ್ತು. ಅಂಥವನು ಬಟನ್ ಒತ್ತಿ ಸುಮ್ಮನಾಗುತ್ತಿದ್ದನಾ?

ಭಾವ ಇಷ್ಟನ್ನೂ ಕೇಳಿ, "ಆಯ್ತು, ಕಾಫಿ ತಣ್ಣಗಾಯ್ತು" ಅಂದರು.

ಬ್ಯಾಟರಿಯ ಪರವಾಗಿ ಹೇಳಬೇಕಾದ್ದನ್ನು ಅವರೂ ಸರಿಯಾಗಿ ಹೇಳುವುದಿಲ್ಲ. ಆ ಕೆಲಸವೂ ನನಗೇ. ಈ ಸಣ್ಣ ಎಂಜಿನ್ನುಗಳ ಹೊಗೆ ಗಾತ್ರಕ್ಕೆ ಮೀರಿದ್ದು. ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಲೆಕ್ಕದಲ್ಲಿ, ದೊಡ್ಡ ಪೆಟ್ರೋಲ್ ಮೋವರ್ ಒಂದು ಗಂಟೆ ಓಡಿಸಿದರೆ ಹೊರಬರುವ, ಹೊಗೆಮಂಜು (ಸ್ಮಾಗ್) ಹುಟ್ಟಿಸುವ ಮಾಲಿನ್ಯ 2016ರ ಟೊಯೋಟಾ ಕ್ಯಾಮ್ರಿ ಕಾರನ್ನು 300 ಮೈಲಿ ಓಡಿಸಿದ್ದಕ್ಕೆ ಸಮ. ಎಲೆ ಊದುವ ಬ್ಲೋವರ್ ಆದರೆ 1,100 ಮೈಲಿ. ಅಲ್ಲಿ 2024ರಿಂದ ಹೊಸ ಸಣ್ಣ ಎಂಜಿನ್ನುಗಳಲ್ಲಿ ಹೆಚ್ಚಿನವು ಹೊಗೆ ಇಲ್ಲದವೇ ಆಗಿರಬೇಕು ಅಂತ ನಿಯಮ ಬಂತು. ವಾಷಿಂಗ್ಟನ್ ಡಿ.ಸಿ.ಯಲ್ಲಿ 2022ರಿಂದಲೇ ಪೆಟ್ರೋಲ್ ಬ್ಲೋವರ್ ನಿಷೇಧ. ಬ್ಲೋವರ್ ವಿಷಯದಲ್ಲಿ ನನ್ನ ಪೂರ್ತಿ ಬೆಂಬಲ ಇದೆ. ನಮ್ಮ ಎಲೆಯನ್ನು ಇನ್ನೊಬ್ಬರ ಅಂಗಳಕ್ಕೆ ತಳ್ಳುವ ಕೆಲಸವನ್ನು ಅಷ್ಟು ಗದ್ದಲ ಮಾಡಿಕೊಂಡು ಮಾಡುವುದಕ್ಕೆ ನಾಚಿಕೆ ಬೇಡವಾ? ಬ್ಯಾಟರಿ ಬ್ಲೋವರ್ ಬಂದರೂ ನಾಚಿಕೆ ಬೇಕು.

ಸದ್ದಿನ ವಿಷಯದಲ್ಲೂ ಬ್ಯಾಟರಿಯೇ ಮೇಲು. ಭಾವನ ಮೆಷಿನ್ ಓಡುತ್ತಿರುವಾಗಲೂ ಅವರ ಮಾತು ಕೇಳಿಸುತ್ತದೆ. ಇದು ಅನುಕೂಲವೋ ಅನನುಕೂಲವೋ ಇನ್ನೂ ತೀರ್ಮಾನಿಸಿಲ್ಲ.

ಆದರೆ ಲೆಕ್ಕ ಅಂದರೆ ಲೆಕ್ಕ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯುನಿಟ್ ಶಕ್ತಿ ಇದೆ. ಸಣ್ಣ ಎಂಜಿನ್ ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿಯನ್ನು ಬಿಸಿ ಮಾಡಿ ಹಾಳುಮಾಡುತ್ತದೆ, ಒಪ್ಪಿದೆ. 40 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು ಹೆಚ್ಚೆಂದರೆ 0.2 ಯುನಿಟ್. ಅದೂ 40 ವೋಲ್ಟ್ ಅನ್ನುವುದನ್ನು ನಂಬಿದರೆ. ಒಂದು ಸೆಲ್ 3.6 ವೋಲ್ಟಿನದು. ಹತ್ತು ಸೆಲ್ ಸೇರಿಸಿದರೆ 36. ಪೂರ್ತಿ ಚಾರ್ಜ್ ಆದ ಹೊಸತರಲ್ಲಿ ತೋರಿಸುವ ವೋಲ್ಟನ್ನು ಹಿಡಿದು ಡಬ್ಬದ ಮೇಲೆ 40 ಅಂತ ಬರೆಯುತ್ತಾರೆ. 18 ವೋಲ್ಟಿನದೂ 20 ವೋಲ್ಟಿನದೂ ಒಳಗೆ ಅದೇ ಐದು ಸೆಲ್. ಬೆಳಿಗ್ಗೆ ಎದ್ದ ಕೂಡಲೇ ಎತ್ತರ ಅಳೆಸಿಕೊಂಡು ಮದುವೆ ಜಾಹೀರಾತು ಕೊಡುವವರೂ ಇಷ್ಟು ಧೈರ್ಯ ಮಾಡುವುದಿಲ್ಲ.

ಮೇಂಟೆನೆನ್ಸೇ ಇಲ್ಲ ಅನ್ನುವ ಮಾತೂ ಅಷ್ಟೆ. ಬ್ಲೇಡ್ ಸಾಣೆ ಯಾರು ಹಿಡಿಯುತ್ತಾರೆ? ಮೊಂಡಾದ ಬ್ಲೇಡ್ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಹರಿದ ತುದಿ ಎರಡು ದಿನಕ್ಕೆ ಕಂದಾಗುತ್ತದೆ. ಭಾವನ ಅಂಗಳ ಪೂರ್ತಿ ಕಂದಾಗಿದೆ. ನೀರು ಸಾಲದು ಅಂದುಕೊಂಡು ಅವರು ದಿನಾ ಪೈಪ್ ಹಿಡಿದು ನಿಂತಿರುತ್ತಾರೆ. ನಾನು ಇನ್ನೂ ಏನೂ ಹೇಳಿಲ್ಲ.

ಪೆಟ್ರೋಲ್ ಮೆಷಿನ್ ಕೆಟ್ಟರೆ ಯಾಕೆ ಅಂತ ತೋರಿಸುತ್ತದೆ. ಪ್ಲಗ್ ಬಿಚ್ಚಿ ನೋಡಿ. ಮಸಿ ಹಿಡಿದು ಕಪ್ಪಾಗಿದ್ದರೆ ಗಾಳಿ ಸಾಲದು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ವಿಪರೀತ ಬಿಸಿಯಾಗುತ್ತಿದೆ. ತಿಳಿ ಕಂದಾಗಿದ್ದರೆ ಎಲ್ಲ ಕ್ಷೇಮ. ಬ್ಯಾಟರಿ ಮೆಷಿನ್ ಕೆಟ್ಟರೆ ಕೆಂಪು ದೀಪ ಮಿಣುಕುತ್ತದೆ. ಪುಸ್ತಕ ತೆಗೆದರೆ "ಮಾರಾಟಗಾರರನ್ನು ಸಂಪರ್ಕಿಸಿ" ಅಂತಿರುತ್ತದೆ.

ಇಷ್ಟಾದರೂ ನಾನು ಬ್ಯಾಟರಿಯದನ್ನು ನೋಡಿಕೊಂಡು ಬರಲು ಹೋಗಿದ್ದೆ. ಸೊಂಟಕ್ಕೂ ಒಂದು ಅಭಿಪ್ರಾಯ ಇರುತ್ತದಲ್ಲ. ಅಲ್ಲಿ ಗೊತ್ತಾದದ್ದು, ಮೊದಲು ಆರಿಸಬೇಕಾದ್ದು ಮೆಷಿನ್ ಅಲ್ಲ, ಬಣ್ಣ. ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಹಸಿರಿನ ಬ್ಯಾಟರಿ ಕೆಂಪಿಗೆ ಕೂರುವುದಿಲ್ಲ. ಕೆಂಪಿನದು ಹಳದಿಗೆ ಕೂರುವುದಿಲ್ಲ. ಒಮ್ಮೆ ಒಂದು ಬಣ್ಣ ಹಿಡಿದರೆ ಮೋವರ್, ಕಟರ್, ಗರಗಸ ಎಲ್ಲವೂ ಅದೇ ಬಣ್ಣದ್ದು. ಪೆಟ್ರೋಲ್ ಹಾಕುವವರು ಯಾವತ್ತಾದರೂ ನಿಮ್ಮ ಮೆಷಿನ್ ಯಾವ ಬಣ್ಣ ಅಂತ ಕೇಳಿದ್ದುಂಟಾ?

ಸುದ್ದಿ ಅದು ಹೇಗೋ ಭಾವನಿಗೆ ಮುಟ್ಟಿದೆ. ಅಕ್ಕ ಹೇಳಿರಬೇಕು. ರಾತ್ರಿಯೇ ಫೋನ್ ಬಂತು. "ನಂದು ಹಸಿರು, ನೀನೂ ಹಸಿರೇ ತಗೊಂಡ್ಬಿಡು. ಬ್ಯಾಟರಿ ಒಬ್ಬರದು ಒಬ್ಬರಿಗೆ ಆಗುತ್ತೆ. ನಾನೇ ಬಂದು ತಗೊಂಡು ಹೋಗ್ತೀನಿ, ವಾಪಸ್ಸೂ ನಾನೇ ತಂದಿಡ್ತೀನಿ."

ಈ ಲಿಥಿಯಂ ಬ್ಯಾಟರಿಗಳನ್ನು ಅರ್ಧ ಚಾರ್ಜ್ ಇಟ್ಟು ತಂಪಾದ ಜಾಗದಲ್ಲಿ ತೆಗೆದಿಡಬೇಕು. ಪೂರ್ತಿ ಖಾಲಿ ಮಾಡಿ ತಿಂಗಳುಗಟ್ಟಲೆ ಬಿಟ್ಟರೆ ಸತ್ತೇ ಹೋಗುತ್ತವೆ.

ಹಾಗಾಗಿ ಹಳದಿ ನೋಡುತ್ತಿದ್ದೇನೆ. ಕಿತ್ತಳೆಯೂ ಪರವಾಗಿಲ್ಲ.