ಕತ್ತಿ ಲೆನ್ಸಿಗೆ, ಬಾಳೆ ಕಾಯುತ್ತಿದೆ

ಮೊನ್ನೆ ಮಡಿಕೇರಿಯಲ್ಲಿ ಒಂದು ಕೊಡವ ಮದುವೆ. ಕುಪ್ಯ ಅನ್ನುವ ಕಪ್ಪು ನಿಲುವಂಗಿ ತೊಟ್ಟ ಸೋದರಮಾವ ಒಡಿಕತ್ತಿ ಹಿಡಿದು ಬಾಳೆದಿಂಡುಗಳ ಮುಂದೆ ನಿಂತಾಗಿತ್ತು. ಕಡಿದರೆ ಶಾಸ್ತ್ರ ಮುಗಿಯಿತು, ವಾಲಗಕ್ಕೆ ನಾಲ್ಕು ಹೆಜ್ಜೆ ಹಾಕಿ ಪಂದಿಕರಿ ಕಡೆ ನಡೆಯಬಹುದು. ಅಷ್ಟರಲ್ಲಿ ಒದ್ದೆ ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ ಫೋಟೋಗ್ರಾಫರ್ ಕೂಗಿದ: “ಅಂಕಲ್, ಬಾಳೆ ಆಮೇಲೆ. ಕತ್ತಿ ನನ್ನ ಮುಖಕ್ಕೆ ಚಾಚಿ. ಕಾಲು ಅಗಲ. ಸಿಟ್ಟು ಬರಲಿ!”

ಮಾವನಿಗೆ ಸಿಟ್ಟು ಬರಲಿಲ್ಲ, ಹಸಿವಾಗಿತ್ತು.

ಈ ಭಂಗಿ ಜಪಾನಿನದು. ಅಲ್ಲಿನ ರೋಬೋಟ್ ಅನಿಮೆಗಳಲ್ಲಿ, ಅಂದರೆ ಕಾರ್ಟೂನುಗಳಲ್ಲಿ, ನಾಯಕ ಖಡ್ಗವನ್ನು ನೋಡುಗನ ಮೂಗಿಗೇ ತಂದು ನಿಲ್ಲಿಸುತ್ತಾನೆ. ಖಡ್ಗ ಅಡಿಕೆಮರದಷ್ಟು, ತಲೆ ಗೋಲಿಯಷ್ಟು. 1990ರಲ್ಲಿ ಶುರುವಾದ ‘ಬ್ರೇವ್’ ಸರಣಿಯಿಂದ ಇದಕ್ಕೆ ‘ಬ್ರೇವ್ ಪರ್ಸ್ಪೆಕ್ಟಿವ್’ ಅಂತಲೇ ಹೆಸರು ಬಿದ್ದಿದೆ. ಮಸಾಮಿ ಒಬಾರಿ ಎಂಬ ಕಲಾವಿದ ಇದರಲ್ಲಿ ಎತ್ತಿದ ಕೈ. ಅದಕ್ಕೂ ಎಷ್ಟೋ ಹಿಂದೆ ಅಲ್ಲಿನ ಸಾಂಪ್ರದಾಯಿಕ ರಂಗಭೂಮಿಯಾದ ಕಬುಕಿಯ ನಟರು ಕಣ್ಣು ಮೆಳ್ಳಗೆ ಮಾಡಿ, ಮರದ ತುಂಡುಗಳ ಟಕಟಕಕ್ಕೆ ಕಲ್ಲಾಗಿ ನಿಲ್ಲುವ ‘ಮಿಯೆ’ ಇತ್ತು. ಸಮುರಾಯಿಗಳು ಸೊಂಟಕ್ಕೆ ಕತ್ತಿ ಸಿಕ್ಕಿಸಿ ಬೀದಿಗೆ ಬರುವುದನ್ನು ಸರ್ಕಾರ 1876ರಲ್ಲೇ ನಿಲ್ಲಿಸಿತು. ಸೊಂಟದಿಂದ ಇಳಿದ ಕತ್ತಿ ಚಿತ್ರದಲ್ಲಾದರೂ ಬೆಳೆಯಲಿ ಬಿಡಿ.

ನಮ್ಮ ಒಡಿಕತ್ತಿಯ ಜಾಗವೋ ಬೆನ್ನು. ಸೊಂಟದ ಹಿಂದಿನ ಲೋಹದ ಕೊಂಡಿ ತೊಡಂಗಿಗೆ ಸಿಕ್ಕಿಸಿದರೆ ಎದುರಿನವರಿಗೆ ಕಾಣುವುದೇ ಇಲ್ಲ. ಇನ್‌ಸ್ಟಾಗ್ರಾಂ ದೃಷ್ಟಿಯಲ್ಲಿ ಇದು ಪೂರ್ವಜರ ಘೋರ ಅಪರಾಧ. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಸಂತೋಷ. ಪೋಸಿಗೆ ಮಾತ್ರ ಲೈಸೆನ್ಸ್ ಕಡ್ಡಾಯ ಮಾಡಿದ್ದರೆ ಚೆನ್ನಾಗಿತ್ತು.

ಆಗ ವೇದಿಕೆಗಳೂ ಉಳಿಯುತ್ತಿದ್ದವು. ಸನ್ಮಾನದ ಖಡ್ಗ ಕೈಗೆ ಬಂದದ್ದೇ ತಡ, ನಮ್ಮ ನಾಯಕರು ಆಕಾಶಕ್ಕೆ ಎತ್ತುತ್ತಾರೆ, ಪಕ್ಕದವರು ಕಣ್ಣು ಉಳಿಸಿಕೊಳ್ಳಲು ಬಗ್ಗುತ್ತಾರೆ, ಬೆಳ್ಳಿಬಣ್ಣ ಅಂಗೈಗೆ ಅಂಟುತ್ತದೆ. ಮರುದಿನ ಅದೇ ಫೋಟೋ ಫ್ಲೆಕ್ಸಿನಲ್ಲಿ, ಹಿಂದೆ ಮಿಂಚು, ಪಕ್ಕದಲ್ಲಿ ಹುಲಿ. ಕಾಫಿ ತೋಟಕ್ಕೆ ಆನೆ ನುಗ್ಗಿದೆ ಅಂತ ಅವರಿಗೇ ಫೋನ್ ಮಾಡಿ ನೋಡಿ. “ಒಂದು ಮನವಿ ಕೊಡಿ” ಅನ್ನುತ್ತಾರೆ. ಆನೆಗೆ ಪಾಪ, ಬ್ರೇವ್ ಪರ್ಸ್ಪೆಕ್ಟಿವ್ ತಿಳಿಯದು. ಅದು ಫ್ಲೆಕ್ಸನ್ನೂ ತುಳಿದುಕೊಂಡೇ ಹೋಗುತ್ತದೆ.

ಮಾವ ಏಳನೇ ಪೋಸಿನ ತನಕ ತಡೆದರು. ಆಮೇಲೆ ತಿರುಗಿದವರೇ ದಿಂಡುಗಳನ್ನು ಸರಸರನೆ ಕಡಿದು, ಕತ್ತಿಯ ನೀರು ಒರೆಸಿ, ಕೈ ತೊಳೆಯಲು ಹೊರಟರು. ಫೋಟೋಗ್ರಾಫರ್ ಆಗಷ್ಟೇ ಲೆನ್ಸ್ ಬದಲಿಸುತ್ತಿದ್ದ.

“ಅಂಕಲ್, ಇನ್ನೊಂದು ಬಾಳೆ ಸಿಗುತ್ತಾ?”