ಹವಳದ ತೊಟ್ಟಿಗೆ ದಿನಕ್ಕೊಂದು ಹನಿ ಅಯೋಡಿನ್: ಸ್ಪಷ್ಟನೆ

ಕೊಡಗಿನ ಬೆಟ್ಟದ ನೀರಿನಲ್ಲಿ ಅಯೋಡಿನ್ ಕಡಿಮೆ, ಆದ್ದರಿಂದ ಹವಳ ಸಾಕುವವರು ಅಕ್ವೇರಿಯಂಗೆ ದಿನವೂ ಒಂದು ಹನಿ ಲ್ಯೂಗಾಲ್ ದ್ರಾವಣ (ನೀರಿನಲ್ಲಿ ಕರಗಿಸಿದ ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್) ಹಾಕಬೇಕು, ಅದಿಲ್ಲದಿದ್ದರೆ ಅಡುಗೆಯ ಅಯೋಡಿನ್ ಉಪ್ಪಾದರೂ ಸಾಕು ಎಂಬ ಸಂದೇಶ ಮಡಿಕೇರಿ, ಕುಶಾಲನಗರದ ಹವ್ಯಾಸಿಗಳ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ. ಅಯೋಡಿನ್ ಕೊರತೆಯಿಂದ ಮನುಷ್ಯರ ಕತ್ತು ಊದುವ ಗಳಗಂಡದ ವಿಚಾರದಲ್ಲಿ ಕೇಳಿದ ಮಾತನ್ನು ಇಲ್ಲಿಗೆ ಎಳೆದು ತಂದಂತಿದೆ. ತೊಟ್ಟಿಗೆ ಅಯೋಡಿನ್ ಬರುವುದು ಬಾವಿಯ ನೀರಿನಿಂದಲ್ಲ. ನಾವು ಕರಗಿಸುವ ಸಮುದ್ರ ಉಪ್ಪಿನ ಮಿಶ್ರಣದಿಂದ, ಅಷ್ಟಿಷ್ಟು ಮೀನಿನ ಆಹಾರದಿಂದ.

ಸಹಜ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 0.06 ಮಿಲಿಗ್ರಾಂ ಅಯೋಡಿನ್ ಇರುತ್ತದೆ, ತೊಟ್ಟಿಯಲ್ಲೂ ಅದರ ಆಸುಪಾಸಿನಲ್ಲೇ ಇರಬೇಕು. ಶೇ 5ರ ಲ್ಯೂಗಾಲ್ ದ್ರಾವಣದ ಒಂದು ಹನಿಯಲ್ಲಿ ಸುಮಾರು 6 ಮಿಲಿಗ್ರಾಂ ಅಯೋಡಿನ್ ಇರುವುದರಿಂದ, 100 ಲೀಟರಿನ ತೊಟ್ಟಿಗೆ ಬಿದ್ದ ಒಂದೇ ಹನಿ ಸಮುದ್ರದಲ್ಲಿರುವಷ್ಟು ಪ್ರಮಾಣವನ್ನು ಮತ್ತೊಮ್ಮೆ ಸೇರಿಸಿದಂತಾಗುತ್ತದೆ. ಅಡುಗೆ ಉಪ್ಪಿನ ಲೆಕ್ಕ ಇನ್ನೂ ಕೆಟ್ಟದು: ಕಿಲೋಗೆ 15 ಮಿಲಿಗ್ರಾಂ ಅಯೋಡಿನ್ ಇರುವ ಉಪ್ಪನ್ನು ಲೀಟರಿಗೆ 35 ಗ್ರಾಂನಂತೆ ಕರಗಿಸಿದರೆ 0.5 ಮಿಲಿಗ್ರಾಂ ದಾಟುತ್ತದೆ, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಮಾತ್ರ ಅದರಲ್ಲಿ ಇರುವುದಿಲ್ಲವೆನ್ನಬೇಕು.

ಈಗಾಗಲೇ ಹಾಕಿರುವವರು ಹನಿ ನಿಲ್ಲಿಸಿ, ಒಳ್ಳೆಯ ಸಮುದ್ರ ಉಪ್ಪಿನಿಂದ ಹೊಸದಾಗಿ ಮಾಡಿದ ನೀರಿನೊಡನೆ ಸ್ವಲ್ಪ ಸ್ವಲ್ಪವಾಗಿ ಬದಲಿಸಲಿ. ಅಳೆಯದೆ ಮತ್ತೆ ಹಾಕುವುದು ಬೇಡ.